ಎತ್ತಿ ಕುಡಿಯಲಾಗದ ಕಾಫಿ

ಕ್ಯಾಪಚೀನೋ ಮಾಡುವುದನ್ನು ನಾನು ಕಲಿತದ್ದು ರುಚಿಗಾಗಿ ಅಲ್ಲ, ಸೇಡಿಗಾಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳಿದವರಿಗೆಲ್ಲ "ಸುಮ್ನೆ ಹವ್ಯಾಸ ಕಣ್ರೀ" ಎಂದು ಹೇಳಿ ಹೇಳಿ ನನಗೇ ಬೇಜಾರಾಗಿದೆ. ಹವ್ಯಾಸವಂತೆ! ಬೆರಳು ಸುಟ್ಟುಕೊಂಡು, ಪಾತ್ರೆಗಟ್ಟಲೆ ಹಾಲು ಹಾಳುಮಾಡಿ, ಅವ್ವನ ಕೈಲಿ ಬೈಸಿಕೊಂಡು ಯಾರಾದರೂ ಹವ್ಯಾಸ ಮಾಡುತ್ತಾರೆಯೇ? ಒಬ್ಬ ಹೆಂಗಸು ನನ್ನ ಮನೆಗೆ ಬಂದು ನನ್ನ ಕಪ್ಪಿಗೆ ತುಟಿ ಹಚ್ಚಿ ಕುಡಿಯಬೇಕು, ಇಲ್ಲವೇ ಯಾಕೆ ಕುಡಿಯುವುದಿಲ್ಲ ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಎರಡರಲ್ಲೊಂದು ಆಗಲೇಬೇಕು. ಅಷ್ಟಕ್ಕೇ ನಾನು ಹಾಲಿನಲ್ಲಿ ನೊರೆ ತೆಗೆಯಲು ಕೂತದ್ದು.

ಆಕೆ ನಮ್ಮ ಶಾಲೆಯ ವಿಜ್ಞಾನದ ಮೇಡಂ. ಶಾಲೆ ಇರುವುದು ಚಳ್ಳಕೆರೆಯಲ್ಲಿ. ನಾನು ಅಲ್ಲಿ ಸಮಾಜ ಪಾಠ ಮಾಡುತ್ತೇನೆ, ಮೊಳಕಾಲ್ಮೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅವ್ವ ಕೊಂಡ್ಲಹಳ್ಳಿ ಕಡೆಯವಳು, ಮದುವೆಯಾಗಿ ಮೊಳಕಾಲ್ಮೂರಿಗೆ ಬಂದಮೇಲೆ ನೇಕಾರರ ಮನೆಯ ಜಗಲಿಯಲ್ಲಿ ಕೂತು ರೇಷ್ಮೆ ನೂಲನ್ನು ಕಂಡಿಕೆಗೆ ಸುತ್ತಿಕೊಟ್ಟು ನನ್ನನ್ನು ಓದಿಸಿದವಳು. ನಮ್ಮದು ಊರಿನ ಕೊನೆಯ ಕೇರಿ. ಜಾತಿ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಕೇರಿ ಹೇಳಿದರೆ ಜಾತಿ ಹೇಳಿದ ಹಾಗೇ.

ಶಾಲೆಯಲ್ಲಿ ಹೆಂಗಸರು ಒಟ್ಟು ಆರು ಜನ. ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯಲ್ಲಿ ಸೇರುವುದು, ಹರಟುವುದು, ತಿನ್ನುವುದು ಎಂದು ಒಂದು ಪದ್ಧತಿ ಮಾಡಿಕೊಂಡಿದ್ದರು. ನಾನು ಆ ಶಾಲೆಗೆ ವರ್ಗವಾಗಿ ಬಂದ ಹೊಸತರಲ್ಲಿ ಮೊದಲು ಕರೆದದ್ದು ವಿಜ್ಞಾನದ ಮೇಡಂ. ಅವರ ಮನೆಯಲ್ಲಿ ಆಗತಾನೇ ಕಾಫಿ ಮಷೀನು ಬಂದಿತ್ತು. ಟೀವಿಗಿಂತ ಮುಖ್ಯ ಜಾಗದಲ್ಲಿ ಅದನ್ನು ಇಟ್ಟಿದ್ದರು. ಗುಂಡಿ ಒತ್ತಿದರೆ ಗುರ್ ಎಂದು ಡಿಕಾಕ್ಷನ್ ಇಳಿಯುವುದು, ಪಕ್ಕದ ಸಣ್ಣ ನಳಿಗೆಯಿಂದ ಹಬೆ ಬುಸುಗುಟ್ಟಿ ಹಾಲು ನೊರೆಯಾಗುವುದು, ಬಿಳೀ ಕಪ್ಪುಗಳ ಮೇಲೆ ಅದು ದಪ್ಪಗೆ ಕೂರುವುದು, ಇದನ್ನೆಲ್ಲ ನಾವು ಸುತ್ತ ನಿಂತು ನೋಡಿದೆವು. ಮೇಡಂ ಒಂದೊಂದೇ ಕಪ್ಪು ಕೊಡುತ್ತಾ ಬಂದು ನನ್ನ ಹತ್ತಿರ ನಿಂತು ನಾಲಿಗೆ ಕಚ್ಚಿಕೊಂಡರು.

"ಅಯ್ಯೋ, ಒಂದು ಕಪ್ ಕಮ್ಮಿ ಬಿತ್ತಲ್ಲ! ನೀವು ನಮ್ಮವರೇ ಅಲ್ವಾ ಮೇಡಂ, ಲೋಟದಲ್ಲಿ ಕೊಟ್ರೆ ಬೇಜಾರಿಲ್ಲ ತಾನೆ?"

ನಮ್ಮವರೇ ಎಂಬ ಆ ಒಂದು ಮಾತಿಗೆ ನಾನು ಉಬ್ಬಿಹೋದೆ. ಸ್ಟೀಲು ಲೋಟದಲ್ಲಿ ಮೂಗಿಗೆಲ್ಲ ನೊರೆ ಮೆತ್ತಿಕೊಂಡು ಕುಡಿದು, ಬಲು ಚೆನ್ನಾಗಿದೆ ಎಂದು ಎರಡು ಸಲ ಹೇಳಿದೆ. ಮುಂದಿನ ಸಲವೂ ಒಂದು ಕಪ್ಪು ಕಮ್ಮಿ ಬಿತ್ತು. ಆಗಲೂ ನನಗೆ ಬುದ್ಧಿ ಬರಲಿಲ್ಲ. ಪಾಪ, ಮೇಡಂಗೆ ಪ್ರತಿ ಸಲ ಮುಜುಗರವಾಗುತ್ತದಲ್ಲ ಎಂದು ನಾನೇ ಮರುಗಿ, ಚಳ್ಳಕೆರೆ ಪೇಟೆಯಲ್ಲಿ ಅಂಗಡಿ ಅಂಗಡಿ ಅಲೆದು, ನೀಲಿ ಹೂವಿನ ಆರು ಕಪ್ಪಿನ ಸೆಟ್ಟು ತಂದು, ಬಣ್ಣದ ಕಾಗದ ಸುತ್ತಿಸಿ ಅವರ ಕೈಗೆ ಕೊಟ್ಟೆ. ನನ್ನನ್ನು ದೂರವಿಡಲು ಬೇಕಾದ ಸಾಮಾನನ್ನು ನಾನೇ ಆರಿಸಿ ತಂದುಕೊಟ್ಟ ಹಾಗಾಯಿತು. ಇಂಥ ಪೆದ್ದುತನ ನಮ್ಮಂಥವರಿಗೇ ಸಾಧ್ಯ. ಒಳಗೆ ಬನ್ನಿ ಎಂದು ಯಾರಾದರೂ ಕರೆದರೆ ಸಾಕು, ಕಣ್ಣು ಮುಚ್ಚಿಕೊಂಡು ಹೋಗಿಬಿಡುತ್ತೇವೆ.

ಮುಂದಿನ ಸಲ ಹೋದಾಗ ನನಗೆ ನೀಲಿ ಹೂವಿನ ಕಪ್ಪಿನಲ್ಲಿ ಕಾಫಿ ಬಂತು. ಉಳಿದವರಿಗೆಲ್ಲ ಅದೇ ಹಳೆಯ ಬಿಳೀ ಕಪ್ಪು. ನಾನು ಕೊಟ್ಟ ಕಾಣಿಕೆಯನ್ನು ನನಗೇ ಮೊದಲು ತೆಗೆದಿದ್ದಾರೆ, ಎಷ್ಟು ಮರ್ಯಾದಸ್ಥರು ಎಂದುಕೊಂಡೆ. ಕುಡಿದು ಮುಗಿಸಿ ಕೈ ತೊಳೆಯಲು ಹಿತ್ತಿಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಮೋಟುಗೋಡೆಯ ಮೇಲೆ, ಪೊರಕೆ ಒರಗಿಸಿದ ಜಾಗದಲ್ಲಿ, ನನ್ನ ಕಪ್ಪುಗಳು ಸಾಲಾಗಿ ಬೋರಲಾಗಿದ್ದವು. ಒಂದು ಮಾತ್ರ ಮನೆಕೆಲಸದ ಹೆಂಗಸಿನ ಕೈಯಲ್ಲಿತ್ತು. ಆಕೆ ಟೀ ಕುಡಿಯುತ್ತ ನನ್ನನ್ನು ನೋಡಿ ನಕ್ಕಳು.

"ಅಮ್ಮೋರು ನಮಗೇ ಅಂತ ಹೊಸ ಕಪ್ಪು ತಂದವ್ರೆ ಮೇಡಂ. ನೀರಿನ ಟ್ಯಾಂಕರೋನಿಗೂ ಇದ್ರಾಗೇ ಕೊಡ್ತಾರೆ. ಚೆನ್ನಾಗೈತಲ್ವಾ?"

ಚೆನ್ನಾಗೈತೆ ಎಂದೆ. ಅವಳದೇನು ತಪ್ಪು? ಅವಳ ಜೊತೆ ಕೂತು ಇನ್ನೊಂದು ಕಪ್ಪು ಕುಡಿಯುವುದಕ್ಕೆ ನನಗೇನೂ ಅಡ್ಡಿಯಿಲ್ಲ. ಆದರೆ ನಡುಮನೆಯ ಸೋಫಾದ ಮೇಲೆ ಕೂರಿಸಿ, ನಮ್ಮವರೇ ಎಂದು ಬೆನ್ನು ಸವರಿ, ಹಿತ್ತಿಲ ಕಪ್ಪನ್ನು ನಗುನಗುತ್ತ ಕೈಗಿಟ್ಟಿದ್ದಾಳಲ್ಲ ಈ ಮೇಡಂ, ಆ ನಗುವನ್ನು ನಾನು ಮರೆಯುವವಳಲ್ಲ. ಅವತ್ತಿನಿಂದ ಮನಸ್ಸಿನಲ್ಲಿ ಅವಳು ನನಗೆ ಬಹುವಚನದಿಂದ ಏಕವಚನಕ್ಕೆ ಇಳಿದಳು.

ಮಾರನೆಯ ದಿನ ಇದನ್ನು ನಾನು ಹೇಳಿಕೊಂಡದ್ದು ಹಿಂದಿ ಮೇಡಂ ಹತ್ತಿರ. ಅವರು ಚಳ್ಳಕೆರೆ ಪೇಟೆಯ ಸಾಬರ ಮನೆಯವರು, ಅಪ್ಪನದು ಬೈಕ್ ರಿಪೇರಿಯ ಗ್ಯಾರೇಜು. ಆರು ಜನರಲ್ಲಿ ಅವರೊಬ್ಬರು ವಿಜ್ಞಾನದ ಮೇಡಂ ಮನೆಗೆ ಬಂದರೂ ಏನನ್ನೂ ಮುಟ್ಟುತ್ತಿರಲಿಲ್ಲ. ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದರು.

"ನನಗೆ ಮೊದಲನೇ ಸಲವೇ ಗೊತ್ತಾಯ್ತು ಅಕ್ಕ," ಎಂದರು. "ಅವರ ಮನೆಗೆ ಹೋದಾಗೆಲ್ಲ ನನಗೆ ರೋಜಾ ಉಪವಾಸ. ವರ್ಷಪೂರ್ತಿ ರೋಜಾ."

"ನಾನು ಸುಮ್ನಿರಲ್ಲ. ಸ್ಟಾಫ್ ರೂಮಲ್ಲೇ ಕೇಳ್ತೀನಿ."

"ಕೇಳಿ. ಅಯ್ಯೋ ಹಂಗೇನಿಲ್ಲ ಅಂತಾರೆ. ಕಪ್ಪು ಕಮ್ಮಿ ಇತ್ತು ಅಂತಾರೆ. ಕಣ್ಣಲ್ಲಿ ನೀರೂ ಹಾಕ್ತಾರೆ. ಆಮೇಲೆ ಎಲ್ರೂ ಸೇರಿ ನಿಮ್ಮನ್ನೇ ಸಮಾಧಾನ ಮಾಡ್ತಾರೆ. ಛೋಡೋ ಅಕ್ಕ."

ಅವರು ಹೇಳಿದ್ದು ಸರಿಯಾಗಿತ್ತು. ಅವಳ ಶಕ್ತಿಯೆಲ್ಲ ನೆವದಲ್ಲಿತ್ತು. ದೂರವಿಡುವ ಈ ಪದ್ಧತಿ ನಡೆಯುವುದೇ ನೆವದ ಮೇಲೆ. ಯಾರೂ ಏನನ್ನೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನನ್ನ ಮನೆಯ ಸರದಿ ಬಂದಾಗೆಲ್ಲ "ಮೊಳಕಾಲ್ಮೂರು ದೂರ, ನಿಮ್ಮ ಸರದೀನೂ ನಮ್ಮನೇಲೇ ಮಾಡೋಣ ಬಿಡಿ" ಎಂದು ಉಪಕಾರ ಮಾಡಿದ ಹಾಗೆ ತಳ್ಳುತ್ತಿದ್ದದ್ದು ಯಾಕೆಂದು ಈಗ ಅರ್ಥವಾಯಿತು. ಹಾಗಾದರೆ ನೆವಗಳನ್ನೆಲ್ಲ ಒಂದೊಂದಾಗಿ ಕಿತ್ತುಹಾಕಿದರೆ? ಯಾವ ದಾರಿಯೂ ಇಲ್ಲದಂತೆ ಮೂಲೆಗೆ ನಿಲ್ಲಿಸಿದರೆ ಕುಡಿಯಲೇಬೇಕು, ಇಲ್ಲ ನಿಜ ಹೇಳಲೇಬೇಕು. ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಇದನ್ನು ಯೋಚಿಸುತ್ತ ಯೋಚಿಸುತ್ತ ನನಗೆ ತುಂಬ ದಿನದ ಮೇಲೆ ಖುಷಿಯಾಯಿತು.

ಟೀ ಅಥವಾ ಮಾಮೂಲಿ ಕಾಫಿ ಸಾಲದು. ಅವಳ ಅಹಂಕಾರ ಕೂತಿದ್ದೇ ಆ ಮಷೀನಿನ ಮೇಲೆ. ಮಷೀನು ಇಲ್ಲದೆ ಅದಕ್ಕಿಂತ ಚೆನ್ನಾಗಿರುವ ಕ್ಯಾಪಚೀನೋ ಮಾಡಿ ಎದುರಿಗಿಡಬೇಕು.

ಮೊದಲು ಡಿಕಾಕ್ಷನ್. ನಮ್ಮನೆಯ ಹಳೇ ಫಿಲ್ಟರಿನಲ್ಲಿ ಚಿಕೋರಿ ಬೆರೆಸದ ಪುಡಿ ಒತ್ತಿ ತುಂಬಿ, ಇಳಿದ ಡಿಕಾಕ್ಷನನ್ನು ಬಿಸಿಮಾಡಿ ಇನ್ನೊಮ್ಮೆ ಹೊಸ ಪುಡಿಯ ಮೇಲೆ ಹುಯ್ದೆ. ಎರಡು ಸಲ ಇಳಿದದ್ದು ಕಪ್ಪಗೆ, ಎಣ್ಣೆಯ ಹಾಗೆ ಗಟ್ಟಿಯಾಯಿತು. ಅದು ಬೇಗ ಕೈಗೆ ಹತ್ತಿತು. ನನ್ನನ್ನು ಸತಾಯಿಸಿದ್ದು ಹಾಲು. ಎಮ್ಮೆ ಹಾಲಿನ ನೊರೆ ಗಟ್ಟಿ, ಆದರೆ ಜಿಡ್ಡು, ನಾಲಿಗೆಗೆ ಅಂಟುತ್ತದೆ. ಕೊನೆಗೆ ಪ್ಯಾಕೆಟ್ಟಿನ ತೆಳು ಹಾಲೇ ಒಳ್ಳೆಯದೆಂದು ಕಂಡುಕೊಂಡೆ. ಕಾಯಿಸುವುದರಲ್ಲಿ ಇನ್ನೊಂದು ತೊಡಕು. ನಮ್ಮಲ್ಲಿ ಹಾಲು ಉಕ್ಕುವವರೆಗೆ ಕಾಯಿಸದಿದ್ದರೆ ಅದು ಕಾದ ಲೆಕ್ಕಕ್ಕೇ ಇಲ್ಲ. ನೊರೆಗೆ ಹಾಲು ಉಕ್ಕಬಾರದು. ಪಾತ್ರೆಗೆ ಬೆರಳು ಹಚ್ಚಿದರೆ ಚುರ್ ಎಂದು ಹಿಂದಕ್ಕೆ ತೆಗೆಯುವ ಹದಕ್ಕೆ ಇಳಿಸಿಬಿಡಬೇಕು. ನಾನು ಇಳಿಸುವುದು, ಅವ್ವ ಹಸಿ ಹಾಲು ಎಂದು ತಿರುಗಿ ಒಲೆಯ ಮೇಲಿಡುವುದು, ಇದೇ ಜಗಳ.

"ಏನೇ ಇದು, ಕೆನೆ ಕಟ್ಟಂಗಿಲ್ಲ, ಉಕ್ಕಂಗಿಲ್ಲ. ಹಾಲಿಗೇನು ಜ್ವರ ನೋಡ್ತೀಯಾ?"

"ನೊರೆ ಬರ್ಬೇಕವ್ವ."

"ನೊರೆ ಕುಡ್ದು ಯಾರ್ ಹೊಟ್ಟೆ ತುಂಬ್ತೈತೆ?"

ಮಜ್ಜಿಗೆಯ ಕಡಗೋಲಿನಿಂದ ಶುರುಮಾಡಿದೆ. ದೊಡ್ಡ ದೊಡ್ಡ ಗುಳ್ಳೆ ಎದ್ದು, ಕಪ್ಪಿಗೆ ಹುಯ್ಯುವಷ್ಟರಲ್ಲಿ ಒಡೆದುಹೋಗುತ್ತಿತ್ತು. ಮುಚ್ಚಳದ ಡಬ್ಬಿಯಲ್ಲಿ ಹಾಕಿ ಕುಲುಕಿದೆ. ಮುಚ್ಚಳ ಹಾರಿ ಗೋಡೆಯೆಲ್ಲ ಹಾಲು. ಆಮೇಲೆ ಬ್ಯಾಟರಿಯ ಪುಟ್ಟ ಕಡೆಯುವ ಕಡ್ಡಿ ತರಿಸಿದೆ. ಅದು ಒಂದು ವಾರಕ್ಕೇ ನಿಂತುಹೋಯಿತು. ಹಿಂದಿ ಮೇಡಂ ಅದನ್ನು ಗ್ಯಾರೇಜಿಗೆ ಒಯ್ದು ಅಪ್ಪನ ಕೈಲಿ ಬೇರೆ ಮೋಟರು ಹಾಕಿಸಿ ತಂದುಕೊಟ್ಟರು. ಅದಾದಮೇಲೆ ಅದರ ವೇಗವೇ ಬೇರೆ. ಕಡ್ಡಿಯನ್ನು ಮೊದಲು ಮೇಲ್ಮೈಯಲ್ಲಿ ಹಿಡಿದು ಗಾಳಿ ತುಂಬಿಸಬೇಕು, ನಂತರ ಕೆಳಕ್ಕಿಳಿಸಿ ಸುತ್ತಿಸಬೇಕು, ಪಾತ್ರೆಯನ್ನು ಕಟ್ಟೆಗೆ ಎರಡು ಸಲ ಕುಟ್ಟಿ ದೊಡ್ಡ ಗುಳ್ಳೆಗಳನ್ನು ಒಡೆಯಬೇಕು. ಕುಟ್ಟುವಾಗ ನಾನು ಯಾರ ತಲೆ ನೆನೆಸಿಕೊಳ್ಳುತ್ತಿದ್ದೆ ಎಂದು ಹೇಳಬೇಕಾಗಿಲ್ಲ. ಒಂದು ಪಾಲು ಡಿಕಾಕ್ಷನ್, ಒಂದು ಪಾಲು ಹಾಲು, ಒಂದು ಪಾಲು ನೊರೆ. ನೊರೆಯ ಮೇಲೆ ಸಕ್ಕರೆ ಉದುರಿಸಿದರೆ ಕಾಳುಗಳು ಸ್ವಲ್ಪ ಹೊತ್ತು ಮೇಲೇ ಕೂತು ಆಮೇಲೆ ನಿಧಾನಕ್ಕೆ ಮುಳುಗಬೇಕು. ಹಾಗೆ ಮುಳುಗಿದ ದಿನ ನಾನು ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದೆ.

ಇನ್ನು ನೆವಗಳ ಕೆಲಸ. ಅವಳ ಬಾಯಿಂದ ಬೇರೆ ಬೇರೆ ಸಂದರ್ಭದಲ್ಲಿ ಕೇಳಿದ್ದ ನೆವಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಸಕ್ಕರೆ ಕಾಯಿಲೆ ಶುರುವಾಗೋ ಹಾಗಿದೆ ಎನ್ನುತ್ತಾಳೆ. ಸಕ್ಕರೆಯಿಲ್ಲದೆಯೂ ಸಪ್ಪೆಯಾಗದ ಹಾಗೆ ಚಕ್ಕೆಪುಡಿ ಉದುರಿಸುವುದನ್ನು ಕಲಿತೆ. ಹಾಲು ಒಗ್ಗಲ್ಲ, ಗ್ಯಾಸ್ ಆಗುತ್ತೆ ಎನ್ನುತ್ತಾಳೆ. ಮಷೀನಿನ ಮುಂದೆ ನಿಂತಾಗ ಮಾತ್ರ ಚೆನ್ನಾಗಿ ಒಗ್ಗುತ್ತದೆ. ಇರಲಿ ಎಂದು ಶೇಂಗಾ ಹಾಲಿಗೆ ಕೈ ಹಾಕಿದೆ. ಶೇಂಗಾಕ್ಕೆ ನಮ್ಮಲ್ಲಿ ಬರವೇ? ರಾಂಪುರದ ಕಡೆಯಿಂದ ಬಂದ ಒಳ್ಳೇ ಬೀಜ ನೆನೆಸಿ, ಸಿಪ್ಪೆ ಉಜ್ಜಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಸಿ ವಾಸನೆ ಹೋಗುವವರೆಗೆ ಏಲಕ್ಕಿ ಹಾಕಿ ಕುದಿಸಿದೆ. ಬಿಸಿ ಡಿಕಾಕ್ಷನ್ ಒಮ್ಮೆಗೇ ಹುಯ್ದರೆ ಅದು ಮೊಸರಾಗಿ ಒಡೆಯುತ್ತದೆ. ಡಿಕಾಕ್ಷನ್ ಆರಿಸಿ ದಾರದ ಹಾಗೆ ಬಿಡಬೇಕು. ಅವ್ವನಿಗೆ ಅದೊಂದು ಮಾತ್ರ ಬಹಳ ಹಿಡಿಸಿತು. ಕಾಫಿಯೇ ಬೇಡ, ನಿದ್ದೆ ಬರಲ್ಲ ಎಂದರೆ? ಅದಕ್ಕೆ ಕೊತ್ತಂಬರಿ ಬೀಜ, ಒಣಶುಂಠಿ ಹುರಿದು ಕುಟ್ಟಿದ ಕಷಾಯ ತಳಕ್ಕೆ, ಮೇಲೆ ಅದೇ ನೊರೆ.

ಕೊನೆಯದೊಂದು ಉಳಿದಿತ್ತು. ನಮ್ಮ ಕಡೆ ಎಂಜಲಿಗೆ ಹೆದರುವವರು ಲೋಟವನ್ನು ತುಟಿಗೆ ಹಚ್ಚದೆ, ಎತ್ತಿ ಹಿಡಿದು ಬಾಯಿಗೆ ಸುರಿದುಕೊಳ್ಳುತ್ತಾರೆ. ಹೊರಗೆ ಎಲ್ಲಿ ಹೋದರೂ ಹಾಗೇ ಕುಡಿಯುವುದು ಎಂದು ಅವಳೂ ಹೇಳಿಕೊಳ್ಳುತ್ತಾಳೆ. ಆದರೆ ನೊರೆ ಎತ್ತಿ ಕುಡಿಯಲು ಬರುವಂಥದ್ದಲ್ಲ. ಹಾಲು ಕಡಿಮೆ ಮಾಡಿ ನೊರೆ ಹೆಚ್ಚಿಸಿ, ಚಮಚ ನಿಲ್ಲುವಷ್ಟು ಗಟ್ಟಿಮಾಡಿದೆ. ಕಪ್ಪು ಓರೆಮಾಡಿದರೆ ಅದು ಮಿಸುಕುವುದಿಲ್ಲ, ಇನ್ನೂ ಓರೆಮಾಡಿದರೆ ಒಮ್ಮೆಗೇ ದಬಕ್ಕನೆ ಬೀಳುತ್ತದೆ. ತುಟಿ ಹಚ್ಚದೆ ಗತಿಯಿಲ್ಲ. ಈ ಕಾಫಿಯನ್ನು ಯಾರು ಕಂಡುಹಿಡಿದರೋ, ನನ್ನ ಸಲುವಾಗಿಯೇ ಕಂಡುಹಿಡಿದಿರಬೇಕು ಎನ್ನಿಸಿತು.

ಅವಳನ್ನು ಮೊಳಕಾಲ್ಮೂರಿಗೆ ಎಳೆಯಲು ಸೀರೆ ಸಾಕಾಯಿತು. ಮೊಳಕಾಲ್ಮೂರು ರೇಷ್ಮೆ ಸೀರೆ ಎಂದರೆ ಅವಳು ಪ್ರಾಣ ಬಿಡುತ್ತಾಳೆ. ಮಗ್ಗದಿಂದ ಇಳಿದ ಸೀರೆಯನ್ನು ನೇಕಾರರ ಮನೆಯಲ್ಲೇ ಕೊಡಿಸುತ್ತೇನೆ, ಆಮೇಲೆ ನಮ್ಮನೇಲಿ ಕಾಫಿ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕರೆದೆ. ಉಳಿದವರು ಹೋ ಎಂದರು. ಅವಳು ಅಂದೇ ಏನೋ ಉಪವಾಸ ಎನ್ನಲು ಬಾಯಿ ತೆರೆದಳು. ನಾನು ಕ್ಯಾಲೆಂಡರು ನೋಡಿಯೇ ದಿನ ಆರಿಸಿದ್ದೆ. ಏಕಾದಶಿಯಲ್ಲ, ಸಂಕಷ್ಟಿಯಲ್ಲ, ಅಮಾವಾಸ್ಯೆಯಲ್ಲ, ಶ್ರಾವಣವೂ ಅಲ್ಲ, ಕಾರ್ತಿಕವೂ ಅಲ್ಲ. "ಅವತ್ತೇನೂ ಇಲ್ವಲ್ಲ ಮೇಡಂ" ಎಂದು ಗೋಡೆಯ ಕ್ಯಾಲೆಂಡರು ತೋರಿಸಿದೆ. ಹಿಂದಿ ಮೇಡಂ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡರು.

ಬಂದರು. ಬೆಳಿಗ್ಗೆಯೆಲ್ಲ ನೇಕಾರರ ಮನೆಯಲ್ಲಿ ಸೀರೆ ಹರವಿದ್ದೇ ಹರವಿದ್ದು. ಅಲ್ಲಿ ಕೊಟ್ಟ ಟೀಯನ್ನು ಅವಳು ತುಟಿ ಹಚ್ಚಿಯೇ ಕುಡಿದಳು, ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡಳು. ನಾನು ನೋಡಿ ಮನಸ್ಸಿನಲ್ಲಿ ಗಂಟುಹಾಕಿಕೊಂಡೆ. ಹೊರಗಡೆ ಏನೂ ಕುಡಿಯಲ್ಲ ಎಂಬ ನೆವವೂ ಹೋಯಿತು. ಅವಳು ಉಟ್ಟು ಬಂದಿದ್ದದ್ದೂ ಮೊಳಕಾಲ್ಮೂರು ಸೀರೆಯೇ, ಹಾಲುಬಣ್ಣದ ಒಡಲು, ಕುಂಕುಮ ಬಣ್ಣದ ಅಂಚು.

ನಮ್ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಅವ್ವ ಬಾಗಿಲ ಹತ್ತಿರ ನಿಂತು ಎಲ್ಲರಿಗೂ ಕೈ ಮುಗಿದಳು. "ಬರ್ರಿ, ಕೂತ್ಕೋರಿ. ಬಿಸ್ಲಾಗ್ ಬಂದೀರಿ" ಎಂದು ಫ್ಯಾನಿನ ಗುಂಡಿ ಒತ್ತಿ ಒಳಗೆ ಹೋದಳು. ನಾನು ಕಪ್ಪುಗಳನ್ನು ತಂದಿಟ್ಟೆ. ಎಲ್ಲ ಒಂದೇ ಬಗೆಯವು, ಒಂದೂ ಕಮ್ಮಿಯಿರಲಿಲ್ಲ. ಹಿಂದಿ ಮೇಡಂ ಎಲ್ಲರಿಗಿಂತ ಮೊದಲು ಕಪ್ಪೆತ್ತಿಕೊಂಡು ಒಂದು ಗುಟುಕು ಕುಡಿದು, ಮೂಗಿನ ಮೇಲಿನ ನೊರೆ ಒರೆಸಿಕೊಂಡು, "ವಾಹ್ ಅಕ್ಕ, ಮಷೀನಿಗೂ ಹಿಂಗೆ ಬರಲ್ಲ" ಎಂದರು. ಇನ್ನು ಮೂವರೂ ಕುಡಿದರು, ಒಬ್ಬರು ಮಾತ್ರ ಆಚೀಚೆ ನೋಡಿ ಕುಡಿದರು. ಅವಳ ಕಪ್ಪು ಹಾಗೇ ಇತ್ತು.

"ತಗೊಳ್ಳಿ ಮೇಡಂ," ಎಂದೆ.

"ಅಯ್ಯೋ, ನನಗೆ ಸಕ್ಕರೆ ಬಿಡಿ ಅಂದಿದ್ದಾರಲ್ಲ ಡಾಕ್ಟರು."

"ಸಕ್ಕರೆ ಹಾಕಿಲ್ಲ ಮೇಡಂ. ಚಕ್ಕೆಪುಡಿ ಅಷ್ಟೇ."

"ಹಾಲು ನೋಡಿ, ಈ ಹೊತ್ತಲ್ಲಿ ಕುಡಿದ್ರೆ ಗ್ಯಾಸು..."

ನಾನು ಒಳಗೆ ಹೋಗಿ ಶೇಂಗಾ ಹಾಲಿನದನ್ನು ತಂದೆ. ಇದರಲ್ಲಿ ಹಸುವೂ ಇಲ್ಲ, ಎಮ್ಮೆಯೂ ಇಲ್ಲ ಎಂದೆ. ಯಾರೋ ನಕ್ಕರು. ಅವಳೂ ನಕ್ಕಳು, ಆದರೆ ಕಪ್ಪಿನ ಕಡೆ ಕೈ ಬರಲಿಲ್ಲ.

"ಕಾಫೀನೇ ಕಮ್ಮಿ ಮಾಡಿದೀನಿ ಮೇಡಂ. ರಾತ್ರಿ ನಿದ್ದೆ ಬರಲ್ಲ," ಎಂದಳು.

ಕಷಾಯದ ಕಪ್ಪೂ ಬಂದು ಪಕ್ಕದಲ್ಲಿ ಕೂತಿತು. ಟೀಪಾಯಿಯ ಮೇಲೆ ಅವಳೊಬ್ಬಳ ಮುಂದೆ ಮೂರು ಕಪ್ಪುಗಳು. ಒಬ್ಬರು ಮೊಬೈಲು ನೋಡತೊಡಗಿದರು, ಇನ್ನೊಬ್ಬರು ಸೀರೆಯ ಚೀಲದೊಳಗೆ ಏನನ್ನೋ ಹುಡುಕಿದರು. ಸುಳ್ಳೇಕೆ, ನನಗೆ ಹಬ್ಬದ ಸಂಭ್ರಮ ಅದು. ಅವಳ ಹಣೆಯಲ್ಲಿ ಬೆವರು ಮೂಡಿದ್ದನ್ನು ನಾನು ಕಣ್ತುಂಬ ನೋಡಿದೆ. ಇನ್ನೊಂದು ನೆವ ಹೇಳು, ಅದಕ್ಕೂ ಒಂದು ಕಪ್ಪು ತರುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಕೊನೆಗೆ ಅವಳು ಮೊದಲನೆಯ ಕಪ್ಪನ್ನೇ ಎತ್ತಿಕೊಂಡಳು. "ನಾನು ಎಲ್ಲಿ ಹೋದ್ರೂ ಎತ್ತಿಯೇ ಕುಡಿಯೋದು, ಅಭ್ಯಾಸ" ಎಂದು ಯಾರೂ ಕೇಳದಿದ್ದರೂ ಹೇಳಿ, ತಲೆ ಹಿಂದಕ್ಕೆ ಬಾಗಿಸಿ, ಕಪ್ಪನ್ನು ಮೇಲಕ್ಕೆ ಹಿಡಿದು ಓರೆಮಾಡಿದಳು. ಏನೂ ಬೀಳಲಿಲ್ಲ. ಇನ್ನಷ್ಟು ಓರೆಮಾಡಿದಳು. ತಡೆಯಿರಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಮರುಕ್ಷಣ ನೊರೆಯೂ ಕಾಫಿಯೂ ಒಟ್ಟಿಗೆ ಕೆಳಗಿಳಿದು ಅವಳ ಮೂಗು, ಗದ್ದ, ಹಾಲುಬಣ್ಣದ ಸೆರಗಿನ ಮೇಲೆಲ್ಲ ಬಿತ್ತು. ನಾನು ನಕ್ಕುಬಿಟ್ಟೆ, ಜೋರಾಗಿಯೇ.

ಅಷ್ಟರಲ್ಲಿ ಅವ್ವ ಒಳಗಿನಿಂದ ಓಡಿಬಂದಳು. ಅವಳಿಗೆ ಮೇಡಂ ಯಾರು, ನನ್ನ ಲೆಕ್ಕಾಚಾರ ಏನು, ಯಾವುದೂ ಗೊತ್ತಿರಲಿಲ್ಲ. ಕಂಡದ್ದು ರೇಷ್ಮೆಯ ಮೇಲೆ ಬಿದ್ದ ಕಾಫಿ ಮಾತ್ರ. ಆಯಸ್ಸೆಲ್ಲ ಆ ನೂಲಿನ ಜೊತೆ ಕಳೆದವಳಿಗೆ ಅದು ಯಾರ ಮೈಮೇಲಿದ್ದರೇನು? "ಅಯ್ಯಯ್ಯೋ, ಪಟ್ಟು ಸೀರೆ, ಉಜ್ಜಬ್ಯಾಡ್ರಿ ತಾಯಿ, ಉಜ್ಜಬ್ಯಾಡ್ರಿ" ಎನ್ನುತ್ತ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆ ಹಿಡಿದು ಅವಳ ಸೆರಗಿಗೆ ಕೈ ಹಾಕಿದಳು.

ಮೇಡಂ ಕುರ್ಚಿಯ ಸಮೇತ ಹಿಂದಕ್ಕೆ ಸರಿದಳು. "ಏಯ್, ಮುಟ್ಬೇಡ! ದೂರ ನಿಂತ್ಕೋ, ಮುಟ್ಬೇಡ ನನ್ನ!"

ಇದೇ ಮಾತು. ನಾನು ಇಷ್ಟು ತಿಂಗಳು ಕಾದದ್ದು ಇದೇ ಮಾತಿಗೆ. ಎಲ್ಲರೆದುರು, ನೆವವಿಲ್ಲದೆ, ಬಾಯಿಬಿಟ್ಟು ಬಂದಿತ್ತು. ಅದು ಬಂದಾಗ ಹೇಳಬೇಕೆಂದು ಬಸ್ಸಿನಲ್ಲಿ ಕೂತು ಜೋಡಿಸಿಟ್ಟುಕೊಂಡಿದ್ದ ಉತ್ತರಗಳು ಒಂದೆರಡಲ್ಲ. ಒಂದೂ ಬಾಯಿಗೆ ಬರಲಿಲ್ಲ. ಯಾಕೆಂದರೆ ಅವಳ ಎದುರಿಗೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದವಳು ನಾನಲ್ಲ. ಅವ್ವ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಬೆನ್ನು ಹಚ್ಚಿ ನಿಂತಳು. ಎಷ್ಟು ದೂರ ನಿಲ್ಲಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೇಡಂಗೂ ತಾನು ಏನಂದೆ ಎಂದು ಗೊತ್ತಾಯಿತು. ಮುಖ ಒರೆಸಿಕೊಳ್ಳುತ್ತ, "ಅಲ್ಲ, ರೇಷ್ಮೆ ಅಲ್ವಾ, ಒದ್ದೆ ಬಟ್ಟೆ ಮುಟ್ಟಿಸಿದ್ರೆ ಕಲೆ ನಿಲ್ಲುತ್ತೆ ಅಂತ ಹೇಳಿದೆ" ಎಂದಳು. "ಹೌದ್ಹೌದು, ರೇಷ್ಮೆ ಅಲ್ವಾ" ಎಂದು ಒಬ್ಬರು ಬದುಕಿದೆಯಾ ಬಡಜೀವವೇ ಎನ್ನುವಂತೆ ದನಿಗೂಡಿಸಿದರು. ಮೂಲೆಗೆ ನಿಲ್ಲಿಸಿದರೂ ಅವಳಿಗೆ ಇನ್ನೊಂದು ನೆವ ಸಿಕ್ಕಿತ್ತು, ಅದನ್ನು ಹಿಡಿದುಕೊಳ್ಳಲು ಜನವೂ ಸಿಕ್ಕರು. ಹಿಂದಿ ಮೇಡಂ ಒಬ್ಬರೇ ಎದ್ದುಹೋಗಿ ಅವ್ವನ ಪಕ್ಕದಲ್ಲಿ ನಿಂತರು.

ಆಗ ನನಗೆ ಬಾಯಿ ಬಂತು. "ಮೇಡಂ, ಆ ಸೀರೆ ನೂಲು ನಮ್ಮವ್ವನಂಥೋರು ಒಂದೊಂದೇ ಎಳೆ ಮುಟ್ಟಿ ಸುತ್ತಿದ್ದು. ಮುಟ್ಬಾರ್ದು ಅಂದ್ರೆ ಇಲ್ಲೇ ಬಿಚ್ಚಿಟ್ಟು ಹೋಗ್ರಿ. ಉಡಾಕೆ ನನ್ನ ಸೀರೆ ಕೊಡ್ತೀನಿ."

ಅವಳು ಚೀಲ ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ಚಪ್ಪಲಿ ಸಿಕ್ಕದೆ ತಡಕಾಡಿದಳು, ನಾನು ತೋರಿಸಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಎದ್ದು, ಕಾಫಿ ಬಹಳ ಚೆನ್ನಾಗಿತ್ತು ಎಂದು ಹೇಳಿ ಹೋದರು. ಹಿಂದಿ ಮೇಡಂ ಸ್ವಲ್ಪ ಹೊತ್ತು ಇದ್ದು, ಅವ್ವನ ಕೈ ಹಿಡಿದು, ಆಮೇಲೆ ಬಸ್ಸಿಗೆ ಹೊರಟರು. ಅವತ್ತಿನಿಂದ ತಿಂಗಳ ಕೂಟ ನಿಂತುಹೋಗಿದೆ. ವಿಜ್ಞಾನದ ಮೇಡಂ ನಾನಿರುವ ಕಡೆ ಬರುವುದಿಲ್ಲ. ನಾನು ಬೇಕೆಂದೇ ಅವಳಿರುವ ಕಡೆ ಹೋಗಿ ಕೂರುತ್ತೇನೆ. ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ಇಲ್ಲ.

ಅವತ್ತು ಎಲ್ಲರೂ ಹೋದಮೇಲೆ ಅವ್ವ ಟೀಪಾಯಿಯ ಮುಂದೆ ಕೂತು, ಮೇಡಂ ಮುಟ್ಟದೆ ಬಿಟ್ಟ ಶೇಂಗಾ ಹಾಲಿನ ಕಪ್ಪನ್ನೂ ಕಷಾಯದ ಕಪ್ಪನ್ನೂ ನೋಡಿದಳು. ನೊರೆ ಆಗಲೇ ಇಳಿದುಹೋಗಿತ್ತು.

"ಆಯಮ್ಮ ಕುಡ್ಯಲ್ಲ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತವ್ವ. ಯಾಕೆ ಕುಡ್ಯಲ್ಲ ಅಂತ ಬಾಯಿಬಿಟ್ಟು ಹೇಳ್ಸಬೇಕಿತ್ತು."

"ಅದಕ್ಕೇನಾ ಇಷ್ಟು ದಿನ ಹಾಲು ಕಡ್ದಿದ್ದು?"

ನಾನು ಹೂಂ ಎಂದೆ. ಅವ್ವ ಕೈಯಲ್ಲಿದ್ದ ಬಟ್ಟೆಯನ್ನು ಇನ್ನೊಂದು ಸಲ ಹಿಂಡಿ ಮಡಿಚಿಟ್ಟಳು.

"ನನ್ನ ಕೇಳಿದ್ರೆ ನಾನೇ ಹೇಳ್ತಿದ್ನಲ್ಲವ್ವ," ಎಂದಳು. "ಏನಂತಾರೆ, ಎಂಗಂತಾರೆ, ಎಲ್ಲಾ ನಂಗೆ ಬರ್ತೈತೆ. ಇನ್ನೊಂದ್ ಸಲ ಕೇಳ್ಸಬ್ಯಾಡಾಗಿತ್ತು."